ಕೊಲ್ಲಾಪುರದಲ್ಲಿ ಮೂರು ಹಗಲು

ಪರದೇಶಪ್ರವಾಸವೆಂದೊಡನೆ ವಿಮಾನವೇ ಕಣ್ಣಮುಂದೆ ಬಂದು ನಿಲ್ಲುವ ಕಾಲವಿದು. ಸಿಂಗಪುರದ ಅಂಗಡಿಸಾಲುಗಳನ್ನೂ ದುಬೈಯ ಚಿನ್ನದ ಬೀದಿಯನ್ನೂ ಕಂಡುಬಂದವರ ಬಣ್ಣನೆಗಳಿಗೆ ಈಗ ಕೊರತೆಯಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಕಡೆಯ ಒಕ್ಕಲಿಗನಿಗೆ ಪರನಾಡಿನ ಪಟ್ಟಣವೆಂದರೆ ಅಜ್ಜ ಮುತ್ತಜ್ಜರ ಕಾಲದಿಂದಲೂ ಒಂದೇ: ಕೊಲ್ಲಾಪುರ. ಅದು ಪರನಾಡಾದದ್ದಾದರೂ ಈಚೆಗೆ. ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿದ್ದ ಊರು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ ಒಂದರಂದು ಬೆಳಗಾವಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಭೂಪಟದ ಮೇಲೆ ಗೆರೆ ಬಿದ್ದಿತಾದರೂ ಸಂತೆಯ ಹಾದಿ, ದೇವರ ಹಾದಿ, ಬೀಗರ ಹಾದಿಗಳು ಇದ್ದಲ್ಲಿಯೇ ಇದ್ದವು.

ಚಿಕ್ಕೋಡಿ ತಾಲೂಕಿನ ಕಬ್ಬೂರಿನಿಂದ ಹೊರಟು, ಚಿಕ್ಕೋಡಿಯಲ್ಲೊಮ್ಮೆ, ನಿಪ್ಪಾಣಿಯಲ್ಲೊಮ್ಮೆ ಬಸ್ಸು ಬದಲಿಸಿದರೆ ಅರ್ಧ ದಿನವೂ ಹಿಡಿಯದ ಪಯಣವದು. ಈಚಿನ ಒಂದು ಚಳಿಗಾಲದಲ್ಲಿ ಈ ಹಾದಿಯನ್ನು ಹಿಡಿದ ಕಬ್ಬೂರಿನ ದಂಪತಿಗಳಿಗೆ ಕೊಲ್ಲಾಪುರವು ಹೊಸದಲ್ಲ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಅವರು ಅಲ್ಲಿಗೆ ಹನ್ನೊಂದು ಸಲ ಹೋಗಿದ್ದರು. ನಾಲ್ಕು ಸಲ ಮಂದಿಯೊಡನೆ ಗಾಡಿ ಕಟ್ಟಿಕೊಂಡು ಮಹಾಲಕ್ಷ್ಮಿಯ ದರ್ಶನಕ್ಕೆ. ಮೂರು ಸಲ ಮಾವನವರ ಹೃದಯದ ಬೇನೆಗಾಗಿ ಆಸ್ಪತ್ರೆಗೆ. ಎರಡು ಸಲ ಮದುವೆಯ ಜವಳಿಗೆ, ಅದೂ ಹದಿನೈದು ಹೆಣ್ಣುಮಕ್ಕಳ ಕಾವಲಿನಲ್ಲಿ. ಉಳಿದೆರಡು ಸಲ ಪಂಪಿನ ಸಾಮಾನಿಗೆ. ಹೀಗೆ ಹೋದಾಗಲೆಲ್ಲ ಸಂಜೆಯ ಬಸ್ಸಿನ ಮೇಲೆಯೇ ಒಂದು ಕಣ್ಣು. ಆ ಊರಿನಲ್ಲಿ ಒಂದು ಇರುಳನ್ನಾದರೂ ಅವರು ನಿಶ್ಚಿಂತೆಯಿಂದ ಕಳೆದದ್ದಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಕಳೆದ ಇರುಳುಗಳನ್ನು ಲೆಕ್ಕಕ್ಕೆ ಹಿಡಿಯಬಾರದಷ್ಟೆ.

ಕಬ್ಬಿನ ಬಿಲ್ಲು ಕೈಗೆ ಬಂದ ದಿನ ಮಡದಿ ಮಾತು ತೆಗೆದಳು: "ಈ ಸರ್ತಿ ಯಾರ ಕೆಲಸಾನೂ ಬ್ಯಾಡರಿ. ಸುಮ್ನ ಹೋಗೂಣು, ಸುಮ್ನ ತಿರಗೂಣು, ಹಸಿವಾದ್ರ ಉಣ್ಣೂಣು. ಎರಡ ರಾತ್ರಿ ಇದ್ದ ಬರೂಣು."

ಆತನಿಗೆ ಆಶ್ಚರ್ಯವಾಯಿತೇ ಹೊರತು ಬೇಸರವಾಗಲಿಲ್ಲ. ಆತನ ಮನಸ್ಸಿನಲ್ಲಿಯೂ ಒಂದು ಹಳೆಯ ಬಾಕಿ ಇತ್ತು. ಎಂಟು ವರ್ಷಗಳ ಹಿಂದೆ ಕೊಳವೆಬಾವಿ ತೋಡಿಸಲು ಮಡದಿಯ ಕೊರಳ ಸಾಜವನ್ನು ಮಾರಬೇಕಾಗಿ ಬಂದಿತ್ತು. ಬಾವಿಯಲ್ಲಿ ನೀರು ಬೀಳಲಿಲ್ಲ, ಸಾಜವೂ ಉಳಿಯಲಿಲ್ಲ. ಅವಳು ಆ ಮಾತನ್ನು ಎಂದೂ ಎತ್ತಿರಲಿಲ್ಲ. ಎತ್ತದೆ ಇದ್ದದ್ದೇ ಆತನಿಗೆ ಭಾರವಾಗಿತ್ತು. ಕೊಲ್ಲಾಪುರದ ಗುಜರಿಯಲ್ಲಿ ಹೊಸದೊಂದನ್ನು ಕೊಡಿಸುವುದೆಂದು ಆತ ಒಳಗೊಳಗೆ ನಿಶ್ಚಯಿಸಿದ. ಮುದುಕಿ ಅತ್ತೆ ಮಾತ್ರ, "ಕೆಲಸ ಇಲ್ದ ಯಾಕ ಹೋಗ್ತೀರಿ?" ಎಂದು ಮೂರು ಸಲ ಕೇಳಿದಳು. ದೇವಿಯ ಹೆಸರು ಹೇಳಿ ಸೊಸೆ ಅವಳ ಬಾಯಿ ಕಟ್ಟಿದಳು. ಅದು ಸುಳ್ಳೂ ಆಗಿರಲಿಲ್ಲ.

ನಿಪ್ಪಾಣಿಯಿಂದ ಮುಂದೆ ಪುಣೆ–ಬೆಂಗಳೂರು ಹೆದ್ದಾರಿ. ಕೊಗನೊಳ್ಳಿಯಲ್ಲಿ ಕರ್ನಾಟಕ ಮುಗಿಯುತ್ತದೆ. ದೂಧಗಂಗೆಯ ಸೇತುವೆ ದಾಟಿದರೆ ಕಾಗಲ. ಅಂಗಡಿಗಳ ಮೇಲಿನ ಅಕ್ಷರಗಳು ಬದಲಾಗುತ್ತವೆ, ಹೊಲದ ಕಬ್ಬು ಬದಲಾಗುವುದಿಲ್ಲ. ಎಲ್ಲ ಕಾಲದಲ್ಲಿಯೂ ಈ ಗೆರೆ ಇಷ್ಟು ತೆಳುವಾಗಿರುತ್ತದೆಂದು ತಿಳಿಯಬಾರದು. 2022ರ ಡಿಸೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಗಡಿಯ ಕಲಹ ಬೀದಿಗಿಳಿದಾಗ ಎರಡೂ ರಾಜ್ಯಗಳ ಬಸ್ಸುಗಳು ಗಡಿಯಲ್ಲಿಯೇ ನಿಂತುಬಿಟ್ಟವು. ಅಂಥ ದಿನಗಳಲ್ಲಿ ಮುಂಬಯಿಯ, ಬೆಂಗಳೂರಿನ ಪತ್ರಿಕೆಗಳು ನಾಯಕರ ಹೇಳಿಕೆಗಳನ್ನು ಅಚ್ಚುಹಾಕುತ್ತವೆ. ಆಸ್ಪತ್ರೆಗೆ ಹೊರಟ ರೋಗಿಯ ಪಾಡನ್ನು ಕೇಳುವವರು ಕಡಮೆ.

ಇನ್ನು ಕಾಗಲ. ಹೆದ್ದಾರಿಯ ಪಯಣಿಗರು ಇದನ್ನು ತೂಕಡಿಸುತ್ತ ದಾಟಿಬಿಡುತ್ತಾರೆ. ಈ ಊರಿನ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿದ ಬಾಲಕನೇ ದತ್ತುಹೋಗಿ ಕೊಲ್ಲಾಪುರದ ಶಾಹೂ ಮಹಾರಾಜನಾದದ್ದು. 1902ರಲ್ಲಿ ತನ್ನ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಅರಸನೀತ. ಕೊಲ್ಲಾಪುರದಲ್ಲಿ ಯಾವ ಬೀದಿಗೆ ತಿರುಗಿದರೂ ಈತನ ನೆರಳು ಇದ್ದೇ ಇರುತ್ತದೆ.

ಮಹಾದ್ವಾರ ರಸ್ತೆಯ ಹತ್ತಿರ ಒಂದು ವಸತಿಗೃಹದಲ್ಲಿ ಗಂಟಿಳಿಸಿ ಇಬ್ಬರೂ ಬೀದಿಗಿಳಿದರು. ಮಹಾದ್ವಾರವೆಂದರೆ ಮಹಾಲಕ್ಷ್ಮಿಯ ಗುಡಿಯ ಪಡುವಣ ಬಾಗಿಲು. ಅದರೆದುರಿಗೆ ಹಾಯ್ದದ್ದೇ ಆ ರಸ್ತೆ. ಕುಂಕುಮ, ಬಳೆ, ಕಂಬಾರಿಕೆಯ ಸಾಮಾನು, ಹಿತ್ತಾಳೆಯ ಸಮೆಗಳು, ಸೀರೆಗಳು. ಅವಳು ಯಾವ ಅಂಗಡಿಯ ಮುಂದೆ ಬೇಕಾದರೂ ನಿಲ್ಲಬಹುದಾಗಿತ್ತು. ಮೊದಲಿನ ಒಂದು ತಾಸು ಅದೇ ಅವಳಿಗೆ ಒಗ್ಗಲಿಲ್ಲ. ನಿಂತು ನೋಡುವುದು, ಆಮೇಲೆ ತಪ್ಪು ಮಾಡಿದವಳಂತೆ ಹಿಂತಿರುಗಿ ಗಂಡನ ಮುಖ ನೋಡುವುದು. ಆತ ಕಬ್ಬಿನ ಹಾಲಿನ ಅಂಗಡಿಯೊಂದನ್ನು ಹುಡುಕಿಕೊಂಡು ಕುಳಿತುಬಿಟ್ಟ. ಊರ ತುಂಬ ಕಬ್ಬು ಬೆಳೆಯುವವನು ಪರರಾಜ್ಯದಲ್ಲಿ ದುಡ್ಡು ಕೊಟ್ಟು ಕಬ್ಬಿನ ಹಾಲು ಕುಡಿಯುವುದು ವಿನೋದವೇ ಸರಿ. ಸೀರೆಯಂಗಡಿಯಲ್ಲಿಯೂ ಹೀಗೆಯೇ ಆಯಿತು. ಅಂಗಡಿಯವನು ಅಭಿಮಾನದಿಂದ ಬಿಚ್ಚಿ ಹರಡಿದ ಮೊದಲನೆಯ ಸೀರೆ ಇಳಕಲ್ಲಿನದು! "ಇದು ನಮ್ಮ ಕಡಿದರಿ," ಎಂದು ಅವಳು ನಕ್ಕಳು. "ಹೌದ್ರಿ ಅಕ್ಕಾರ, ಕೊಳ್ಳಾವ್ರು ನಮ್ಮ ಕಡಿಯವರು," ಎಂದು ಆತ ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟ. ಕೊಲ್ಲಾಪುರದ ಪೇಟೆಯಲ್ಲಿ ಕನ್ನಡ ಬಲ್ಲ ವ್ಯಾಪಾರಿಗಳಿಗೆ ಬರವಿಲ್ಲ; ಗಿರಾಕಿಯ ಭಾಷೆ ಕಲಿಯದ ವ್ಯಾಪಾರಿ ಎಲ್ಲಿಯೂ ಉದ್ಧಾರವಾದದ್ದಿಲ್ಲ.

ಅವರು ಹೋದ ದಿನ ಜನವರಿ 31. ಆ ದಿನವನ್ನು ಅವರು ಗೊತ್ತಿದ್ದು ಆರಿಸಿಕೊಂಡಿರಲಿಲ್ಲ. ಮಹಾಲಕ್ಷ್ಮಿಯ ಗುಡಿ ಪಶ್ಚಿಮಾಭಿಮುಖವಾದದ್ದು. ವರ್ಷದಲ್ಲಿ ಎರಡು ಸಲ, ನವೆಂಬರ್ 9ರಿಂದ 11ರವರೆಗೆ ಹಾಗೂ ಜನವರಿ 31ರಿಂದ ಫೆಬ್ರವರಿ 2ರವರೆಗೆ, ಮುಳುಗುವ ಸೂರ್ಯನ ಕಿರಣಗಳು ಮಹಾದ್ವಾರದಿಂದ ಒಳನುಗ್ಗಿ, ಉದ್ದನೆಯ ಮಂಟಪವನ್ನೆಲ್ಲ ದಾಟಿ, ಗರ್ಭಗುಡಿಯ ದೇವಿಯನ್ನು ಮುಟ್ಟುತ್ತವೆ. ಮೊದಲನೆಯ ದಿನ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಮುಖ. ಇದಕ್ಕೆ ಕಿರಣೋತ್ಸವವೆಂದು ಹೆಸರು. ಕಟ್ಟಿದ ಸ್ಥಪತಿಯ ಗಣಿತಕ್ಕೆ ತಲೆದೂಗಲೇಬೇಕು. ಮೋಡ ಕವಿದರೆ, ಅಥವಾ ಬೀದಿಯಲ್ಲಿ ಎದ್ದ ಹೊಸ ಕಟ್ಟಡಗಳು ಅಡ್ಡಬಂದರೆ ಕಿರಣ ನಡುವೆಯೇ ಉಳಿಯುವುದೂ ಉಂಟು. ಎಂಟು ಶತಮಾನಗಳಿಗೂ ಹಿಂದಿನ ಲೆಕ್ಕವನ್ನು ಮೂರಂತಸ್ತಿನ ಒಂದು ಮನೆ ಕೆಡಿಸಬಲ್ಲುದು.

ದಂಪತಿಗಳಿಗೆ ಒಳಗೆ ಹೋಗುವ ಭಾಗ್ಯ ದೊರೆಯಲಿಲ್ಲ. ಅಷ್ಟು ಮಂದಿ ಸೇರಿದ್ದರು. ಪ್ರಾಕಾರದಲ್ಲಿ ನಿಂತು ಅವರು ಕಂಡದ್ದೆಂದರೆ ಹೊನ್ನಿನ ಬಣ್ಣದ ಬಿಸಿಲಿನ ಪಟ್ಟಿಯೊಂದು ಮಂದಿಯ ತಲೆಗಳ ಮೇಲಿನಿಂದ ಒಳಗೆ ಸರಿದುಹೋದದ್ದು, ಆಮೇಲೆ ಒಮ್ಮೆಲೆ ಮೇಲೆದ್ದ ನೂರಾರು ಕೈಗಳು. ಘಂಟೆಗಳ ಸದ್ದಿನಲ್ಲಿ ಅವಳೂ ಕೈಯೆತ್ತಿದಳು. ಮರುದಿನ ಬೆಳಗಿನ ಐದು ಗಂಟೆಗೆ ಬಂದು ಮುಖದರ್ಶನ ಮಾಡಿಕೊಂಡರು.

ಈ ದೇವಿಗೂ ಕನ್ನಡಕ್ಕೂ ಇರುವ ನಂಟನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯುವುದು ಸಲ್ಲದು. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿಯೂ ಕೊಲ್ಲಾಪುರದಮ್ಮನ ಗುಡಿಗಳಿವೆ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಈ ಸೀಮೆಯನ್ನಾಳಿದ ಶಿಲಾಹಾರರು ಮಹಾಲಕ್ಷ್ಮಿಯ ವರಪ್ರಸಾದವನ್ನು ಪಡೆದವರೆಂದು ತಮ್ಮ ಬಿರುದುಗಳಲ್ಲಿ ಹೇಳಿಕೊಂಡರು. ತಮ್ಮ ಶಾಸನಗಳನ್ನು ಸಂಸ್ಕೃತದೊಡನೆ ಕನ್ನಡದಲ್ಲಿಯೂ ಬರೆಯಿಸಿದರು. ಗಂಡರಾದಿತ್ಯನ ಸಾಮಂತನಾದ ನಿಂಬದೇವನ ಜಿನಭಕ್ತಿಯನ್ನು ಕೊಲ್ಲಾಪುರದ ಶಾಸನಗಳು ಹೊಗಳುತ್ತವೆ. ಗಂಡರಾದಿತ್ಯನ ಮಗ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿಯೇ ಕವಿ ಕರ್ಣಪಾರ್ಯನು 'ನೇಮಿನಾಥಪುರಾಣ'ವೆಂಬ ಚಂಪೂಕಾವ್ಯವನ್ನು ರಚಿಸಿದನು. ಕನ್ನಡ ಸಾಹಿತ್ಯಚರಿತ್ರೆಯ ಪಾಠದಲ್ಲಿ ಈ ಹೆಸರನ್ನು ಉರುಹೊಡೆದ ವಿದ್ಯಾರ್ಥಿಗಳು ಅವನ ಊರನ್ನು ನೋಡಲೆಂದು ಕೊಲ್ಲಾಪುರದ ಬಸ್ಸು ಹತ್ತುವುದು ಅಪೂರ್ವ. ಹತ್ತಿದರೆ ಒಳ್ಳೆಯದು. ಇದರಿಂದ ಊರು ಯಾರದೆಂಬ ವಾದಕ್ಕೆ ಯಾರೂ ಇಳಿಯಬೇಕಾಗಿಲ್ಲ; ಒಂದೇ ಅಂಗಳದಲ್ಲಿ ಎರಡು ಭಾಷೆಗಳು ಆಡಿಕೊಂಡಿದ್ದ ಕಾಲವೊಂದಿತ್ತೆಂದು ತಿಳಿದರೆ ಸಾಕು.

ಆ ಸಂಜೆ ಗಂಗಾವೇಶಿಯ ಹಾಲಿನ ಕಟ್ಟೆ. ಕೊಲ್ಲಾಪುರಕ್ಕೆ ಹೋದವರು ಇದನ್ನು ನೋಡದೆ ಬರಬಾರದು. ಎಮ್ಮೆಗಳನ್ನು ಬೀದಿಗೇ ತಂದು ಕಟ್ಟಿರುತ್ತಾರೆ. ಗಿರಾಕಿ ಕೇಳಿದೊಡನೆ ಅವನ ಕಣ್ಣೆದುರಿಗೇ ಹಿಂಡಿ, ನೊರೆ ಆರುವ ಮುಂಚೆ ಲೋಟ ಕೈಗಿಡುತ್ತಾರೆ. ಗರಡಿಯ ಪೈಲವಾನರಿಗಾಗಿ ಬೆಳೆದುಬಂದ ರೂಢಿಯಿದು. ಹಟ್ಟಿಯಲ್ಲಿ ದಿನವೂ ಮೂರೆಮ್ಮೆ ಹಿಂಡುವ ಹೆಣ್ಣುಮಗಳು ಬೇರೊಬ್ಬರು ಹಿಂಡಿದ ಹಾಲನ್ನು ನಿಂತು ಕುಡಿದದ್ದು ಅಂದೇ ಮೊದಲು. "ಎಮ್ಮಿ ಛಲೋ ಐತಿ. ಹಿಂಡೂ ಕೈ ಮಾತ್ರ ಒರಟ," ಎಂದು ಅವಳು ತೀರ್ಪು ಕೊಟ್ಟಳು.

ಎರಡನೆಯ ದಿನದ ಫರಾಳಕ್ಕೆ ಮಿಸಳ. ಮೊಳಕೆ ಬರಿಸಿದ ಮಡಿಕೆಕಾಳಿನ ಉಸಳಿ, ಅದರ ಮೇಲೆ ಸೇವು ಚೂಡಾ, ಹೆಚ್ಚಿದ ಉಳ್ಳಾಗಡ್ಡಿ, ಇವೆಲ್ಲ ಮುಳುಗುವಂತೆ ಕೆಂಪಗೆ ಎಣ್ಣೆ ತೇಲುವ ಕಟ್ಟು. ಮುಂಬಯಿಯವರು ಪಾವಿನೊಡನೆ ತಿಂದರೆ ಕೊಲ್ಲಾಪುರದವರು ಬ್ರೆಡ್ಡಿನ ಹೋಳುಗಳೊಡನೆ ತಿನ್ನುತ್ತಾರೆ. ಕಟ್ಟು ಮುಗಿದಷ್ಟೂ ಬಡಿಸುತ್ತಾರೆ. ಅದು ಔದಾರ್ಯವೋ ಪಂಥಾಹ್ವಾನವೋ ಹೇಳುವುದು ಕಷ್ಟ. ಸವದತ್ತಿಯ ಜಾತ್ರೆಯಲ್ಲಿ ಹಸಿಮೆಣಸಿನಕಾಯಿ ಕಡಿದು ರೊಟ್ಟಿ ಉಂಡವನೆಂದು ಹೆಮ್ಮೆಪಡುತ್ತಿದ್ದ ಗಂಡನ ಕಣ್ಣಿನಲ್ಲಿ ನೀರಿಳಿಯಿತು. ಅವಳು ಎರಡನೆಯ ಸಲ ಕಟ್ಟು ಹಾಕಿಸಿಕೊಂಡಳು. ಊರಿನ ಇನ್ನೊಂದು ಕೀರ್ತಿಯಾದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾಗಳು ಮಾಂಸದ ಅಡಿಗೆಗಳು. ಒಂದು ಮೆಣಸಿನಕಾಯಿಯಿಂದ ಕೆಂಪಾದದ್ದು, ಇನ್ನೊಂದು ತೆಂಗಿನ ಹಾಲಿನಿಂದ ಬೆಳ್ಳಗಾದದ್ದು. ಲಿಂಗವಂತರಾದ ಈ ದಂಪತಿಗಳು ಅವುಗಳ ವಾಸನೆಯನ್ನಷ್ಟೇ ದಾಟಿಹೋದರು.

ಅಲ್ಲಿಂದ ನಡೆದು ಖಾಸಬಾಗ. ಶಾಹೂ ಮಹಾರಾಜನು 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ಯುರೋಪಿಗೆ ಹೋಗಿದ್ದಾಗ ರೋಮಿನ ಪುರಾತನ ಮಲ್ಲರಂಗವನ್ನು ಕಂಡು ಮನಸೋತು, ಅದೇ ಬಗೆಯಲ್ಲಿ 1912ರಲ್ಲಿ ಈ ಕುಸ್ತಿಯ ಮೈದಾನವನ್ನು ಸಿದ್ಧಗೊಳಿಸಿದನೆಂದು ಹೇಳುತ್ತಾರೆ. ನಡುವೆ ಕೆಮ್ಮಣ್ಣಿನ ಅಖಾಡ, ಸುತ್ತಲೂ ಏರುತ್ತ ಹೋಗುವ ಕುಳಿತುಕೊಳ್ಳುವ ಮಜಲುಗಳು. ಬೆಳಗಾವಿ ಸೀಮೆಯ ಎಷ್ಟೋ ಹುಡುಗರು ಕೊಲ್ಲಾಪುರದ ತಾಲೀಮುಗಳ ಮಣ್ಣಿನಲ್ಲಿ ಹೊರಳಿ ಪೈಲವಾನರಾದವರು.

ಮೈದಾನದ ಮಗ್ಗುಲಿಗೇ ಕೇಶವರಾವ ಭೋಸಲೆ ನಾಟ್ಯಗೃಹ. 1915ರಲ್ಲಿ 'ಪ್ಯಾಲೇಸ್ ಥಿಯೇಟರ್' ಎಂಬ ಹೆಸರಿನಿಂದ ತೆರೆದ ಈ ರಂಗಮಂದಿರವು 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನ ಕೇಶವರಾವ ಭೋಸಲೆಯವರ ಜನ್ಮದಿನ! ಸುಟ್ಟ ವಾರ್ತೆ ಕೇಳಿ ಊರಿನ ಕಲಾವಿದರು ಬೀದಿಯಲ್ಲಿ ನಿಂತು ಅತ್ತರು. ಕನ್ನಡಿಗರೂ ಅಳಬಹುದಾಗಿತ್ತು. ಜಯಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರು ಶಾಹೂ ಮಹಾರಾಜನ ಆಸ್ಥಾನಗಾಯಕರಾಗಿ ಈ ಊರಿನಲ್ಲಿದ್ದರು. ಅವರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರಲ್ಲಿಯೇ ಧಾರವಾಡದ ಮಲ್ಲಿಕಾರ್ಜುನ ಮನಸೂರರು ತಮ್ಮ ಗಾಯನವನ್ನು ತಿದ್ದಿಕೊಂಡದ್ದು. ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತೆಂಬುದನ್ನು ಬಹಳ ಮಂದಿ ಬಲ್ಲರು. ಅದನ್ನು ತೆಗೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ಬಲ್ಲವರು ಕಡಮೆ. ಕನ್ನಡದ ಬೆಳ್ಳಿತೆರೆ ಮೊದಲ ಮಾತನ್ನಾಡಲು ಈ ಊರಿಗೆ ಬರಬೇಕಾಯಿತು.

ಮಧ್ಯಾಹ್ನ ಗುಜರಿ. ಗುಡಿಯ ನೆರೆಯ ಚಿನಿವಾರರ ಬೀದಿಯಿದು. "ಸುಮ್ನ ನೋಡಾಕ," ಎಂದು ಆತ ಮಡದಿಯನ್ನು ಒಳಗೆ ಕರೆದ. ಕೊಲ್ಲಾಪುರಿ ಸಾಜವೆಂಬುದು ಇಲ್ಲಿಯ ಹೆಂಗಸರ ಮುತ್ತೈದೆತನದ ಆಭರಣ. ಜವೆಯ ಕಾಳಿನಂಥ ಮಣಿಗಳ ನಡುವೆ ಪೋಣಿಸಿದ ಇಪ್ಪತ್ತೊಂದು ಪದಕಗಳಲ್ಲಿ ಹತ್ತು ವಿಷ್ಣುವಿನ ಅವತಾರಗಳು, ಎಂಟು ಅಷ್ಟಮಂಗಲಗಳು, ಎರಡು ಮಾಣಿಕ ಪಚ್ಚೆಗಳವು, ಕೊನೆಯದು ರಕ್ಷೆಯ ತಾಯಿತವೆಂದು ಹೇಳುವರು. ಚಿನಿವಾರನು ಮಕಮಲ್ಲಿನ ಮೇಲೆ ಇಟ್ಟ ಸಾಜವನ್ನು ಅವಳು ಬೆರಳಿನಿಂದ ಒಂದೊಂದೇ ಪದಕ ಮುಟ್ಟಿ ನೋಡಿದಳು. ಮೀನು, ಆಮೆ, ವರಾಹ. ಆಮೇಲೆ ತೂಕ ಕೇಳಿದಳು, ದರ ಕೇಳಿದಳು. ಚಿನ್ನದ ಬೆಲೆ ಏರಿದ ಏರಿಕೆಯಲ್ಲಿ ಆ ಸಾಜಕ್ಕೆ ಈ ಸಲದ ಕಬ್ಬಿನ ಬಿಲ್ಲೆಲ್ಲ ಸುರಿದರೂ ಸಾಲದು. ಆತ ಸಾಲದ ಮಾತನ್ನಾಡಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದಳು.

ಬೀದಿಗೆ ಬಂದ ಮೇಲೆ ಅವಳು ಹೇಳಿದಳು: "ಅವತ್ತ ನೀವು ಕೇಳಿ ಇಸಗೊಂಡ್ರಿ, ನಾ ಕೊಟ್ಟೆ. ಕಸಗೊಂಡಿದ್ರ ಮಾತ ಬ್ಯಾರೆ ಇತ್ತು. ಅದನ್ನ ಯಾಕ ಇಷ್ಟ ದಿನ ಹೊತಗೊಂಡ ತಿರಗತೀರಿ?"

ಆತ ಬಹಳ ಹೊತ್ತು ಮಾತಾಡಲಿಲ್ಲ. ನೂರು ಹೆಜ್ಜೆ ಹೋದ ಮೇಲೆ, "ಹಂಗಾದ್ರ ಏನ ಬೇಕ ಹೇಳು," ಎಂದ.

"ಚಪ್ಪಲಿ," ಎಂದಳು ಅವಳು.

ಚಪ್ಪಲಿಯ ಸಾಲಂಗಡಿಗಳಲ್ಲಿ ಹೊಕ್ಕರೆ ಮೊದಲು ಎದುರುಗೊಳ್ಳುವುದು ತೊಗಲಿನ ವಾಸನೆ. ಕಂದು, ಜೇನು, ಕಪ್ಪು ಬಣ್ಣಗಳ ಜೋಡುಗಳು ಗೋಡೆಯ ತುಂಬ ತೂಗುತ್ತಿರುತ್ತವೆ. ಕಾಪಶಿ, ಪಾಯತಾಣ, ಪುಕರಿ, ಬಕ್ಕಲನಳಿ ಎಂದು ಅವಕ್ಕೆ ಊರಿನ, ಆಕಾರದ ಹೆಸರುಗಳು. "ಅಸ್ಸಲ್ ಕೊಲ್ಹಾಪುರಿ, ವಹಿನಿ," ಎಂದು ಅಂಗಡಿಯವನು ಒಂದು ಜೊತೆಯನ್ನು ಮುಂದಿಟ್ಟ. ಅವಳು ಅದನ್ನು ಹೊರಳಿಸಿದಳು. ಅಟ್ಟೆಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ಮುಟ್ಟಿದಳು. ಮೇಲುಪಟ್ಟಿಯ ತೊಗಲಿನ ಜಡೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. ಆಮೇಲೆ ಕನ್ನಡದಲ್ಲಿಯೇ ಕೇಳಿದಳು: "ಇದು ಮದಭಾವಿ ಹೆಣಿಕಿ ಅಲ್ಲೇನ್ರಿ?"

ಅಂಗಡಿಯವನು ಕ್ಷಣ ತಡೆದು ನಕ್ಕುಬಿಟ್ಟ. ಮಾಲು ಅಥಣಿ ಕಡೆಯಿಂದ ಬಂದದ್ದೆಂದು ಒಪ್ಪಿಕೊಂಡ. ನಿಪ್ಪಾಣಿಯಿಂದಲೂ ಬರುವುದೆಂದ.

ಅವಳ ತವರು ಅಥಣಿ ತಾಲೂಕಿನ ಮದಭಾವಿ. ಆ ಊರಿನ ಸಮಗಾರರ ಓಣಿಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಅವಳೊಡನೆ ಏಳನೆಯ ಇಯತ್ತೆಯವರೆಗೆ ಒಂದೇ ಹಲಗೆಯ ಮೇಲೆ ಕುಳಿತು ಓದಿದ್ದಳು. ಶಾಲೆಯಲ್ಲಿ ಗೆಳತಿ, ಓಣಿಗೆ ಹೋಗಲು ಮನೆಯಲ್ಲಿ ಅಪ್ಪಣೆಯಿರಲಿಲ್ಲ. ಹೋಗದವರಂತೆ ಹೋಗಿ, ಕಟ್ಟೆಯ ಈಚೆ ನಿಂತು, ಗೆಳತಿಯೂ ಅವಳ ತಾಯಿಯೂ ತೊಗಲಿನ ಎಳೆಗಳನ್ನು ಹೆಣೆಯುವುದನ್ನು ಅವಳು ಎಷ್ಟೋ ಸಂಜೆ ನೋಡಿದ್ದಳು. ಅವರು ಒಳಗೆ ಬಾ ಎನ್ನುತ್ತಿರಲಿಲ್ಲ. ಇವಳು ಒಳಗೆ ಹೋಗುತ್ತಿರಲಿಲ್ಲ. ಹೆಣಿಗೆಯ ಕಣ್ಣು ಮಾತ್ರ ಬೆರಳಿಗೆ ನೆನಪಿತ್ತು.

ಈ ಕಸುಬು ಸಾಮಾನ್ಯವಾದದ್ದಲ್ಲ. ಎಮ್ಮೆ, ಎತ್ತುಗಳ ಹಸಿಯ ತೊಗಲನ್ನು ಸುಣ್ಣದಲ್ಲಿಟ್ಟು ಕೂದಲು ತೆಗೆದು, ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ವಾರಗಟ್ಟಲೆ ಹದಗೊಳಿಸುತ್ತಾರೆ. ಅಟ್ಟೆ ಕೊಯ್ಯುವುದು, ಬಡಿಯುವುದು, ಹೊಲಿಯುವುದು ಗಂಡಸರ ಪಾಲು. ಮೇಲ್ಗಡೆಯ ಜಡೆ, ಕುಚ್ಚು, ನಾಜೂಕಿನ ಕೆಲಸ ಬಹುಮಟ್ಟಿಗೆ ಹೆಂಗಸರದು. ಮೊಳೆಯನ್ನು ಬಳಸದೆ ತೊಗಲಿನ ದಾರದಿಂದಲೇ ತೊಗಲನ್ನು ಹೊಲಿಯುವರು. ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಹರಳಯ್ಯ, ಕಲ್ಯಾಣಮ್ಮ ದಂಪತಿಗಳ ಕಥೆಯನ್ನು ಅಥಣಿಯ ಕಡೆಯ ಕುಶಲಿಗಳು ತಮ್ಮ ಕಸುಬಿನ ಮೂಲವೆಂಬಂತೆ ಹೇಳಿಕೊಳ್ಳುತ್ತಾರೆ. ಈಚಿನ ಕಾಲದಲ್ಲಿ ಇದಕ್ಕೆ ಕೊಲ್ಲಾಪುರದ ಹೆಸರು ಅಂಟಿಕೊಂಡದ್ದಕ್ಕೆ ಅಲ್ಲಿಯ ಪೇಟೆಯೂ ಶಾಹೂ ಮಹಾರಾಜನ ಪ್ರೋತ್ಸಾಹವೂ ಕಾರಣ. ಅಥಣಿಯಲ್ಲಿ ಮಾಡಿ ಕೊಲ್ಲಾಪುರದಲ್ಲಿ ಮಾರಿದ್ದು ಕೊಲ್ಲಾಪುರಿಯಾಯಿತು. ಲೋಕದಲ್ಲಿ ಹೆಸರು ಬರುವುದು ಅಂಗಡಿಗೆ, ಕೈಗೆ ಬರುವುದು ಕಡಮೆ.

ಈ ತಪ್ಪು ಅಷ್ಟಿಷ್ಟು ಸರಿಯಾದದ್ದು 2019ರಲ್ಲಿ. ಆ ವರ್ಷ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಅದನ್ನು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಜಂಟಿಯಾಗಿ ಕೊಟ್ಟರು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿಯ ನೆಲಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡುವ ಎರಡು ಸರಕಾರಗಳು ಒಂದು ಜೊತೆ ಚಪ್ಪಲಿಯಲ್ಲಿ ಎಡಗಾಲು ಬಲಗಾಲುಗಳಂತೆ ಕೂಡಿ ನಿಂತದ್ದು ಸಣ್ಣ ಸಂಗತಿಯಲ್ಲ. ಆಮೇಲೆ 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾದಾ ಎಂಬ ಪ್ರಸಿದ್ಧ ಸಂಸ್ಥೆ ಮಿಲಾನಿನ ಉಡುಪಿನ ಪ್ರದರ್ಶನದಲ್ಲಿ ಇದೇ ಬಗೆಯ ಪಾದರಕ್ಷೆಗಳನ್ನು ಮೆರೆಯಿಸಿತು, ಮೂಲವಾವುದೆಂದು ಹೇಳಲಿಲ್ಲ. ಭಾರತದಲ್ಲಿ ಕೂಗೆದ್ದ ಮೇಲೆ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಿಗಳಿಂದಲೇ 2,000 ಜೊತೆಗಳನ್ನು ಮಾಡಿಸುವುದಾಗಿ ಸಾರಿತು. ಜೊತೆಯೊಂದಕ್ಕೆ ಸುಮಾರು 800 ಯೂರೋ ಎಂದು ವಾರ್ತೆ. ಅದರಲ್ಲಿ ಜಡೆ ಹೆಣೆದ ಬೆರಳಿಗೆಷ್ಟು ಎಂಬ ಪ್ರಶ್ನೆಯನ್ನು ಮಿಲಾನಿನಲ್ಲಿ ಕೇಳಿದಂತೆಯೇ ಮಹಾದ್ವಾರ ರಸ್ತೆಯಲ್ಲಿಯೂ ಕೇಳಬೇಕು.

ಅವಳು ಕೇಳಿದಳು. "ಇದನ್ನ ಮಾಡಿದಾಕಿಗೆ ಎಷ್ಟ ಮುಟ್ಟತೈತ್ರಿ?"

ಅಂಗಡಿಯವನು ಸಿಟ್ಟಾಗಲಿಲ್ಲ, ಅವನು ಒಳ್ಳೆಯ ಮನುಷ್ಯ. ತಾನು ದಲಾಲನಿಂದ ಕೊಳ್ಳುವುದಾಗಿಯೂ, ಮಾಡಿದವರು ಯಾರೆಂದು ತನಗೆ ತಿಳಿಯದೆಂದೂ, ಅಂಗಡಿಯ ಬಾಡಿಗೆ ಎಷ್ಟೆಂದೂ ಸಮಾಧಾನದಿಂದ ಹೇಳಿದ. ಗೆಳತಿಯ ಮನೆತನದ ಹೆಸರು ಹೇಳಿದರೆ ಅದೂ ಅವನಿಗೆ ತಿಳಿಯದು. ಅವಳು ಚೌಕಾಸಿ ಮಾಡಲಿಲ್ಲ. ಕೊಲ್ಲಾಪುರದ ಪೇಟೆಯಲ್ಲಿ ಕಬ್ಬೂರಿನ ಹೆಣ್ಣುಮಗಳೊಬ್ಬಳು ಹೇಳಿದ ಬೆಲೆಗೆ ಕೊಂಡದ್ದು ಅಪರೂಪದ ಘಟನೆಯೆಂದೇ ಹೇಳಬೇಕು. ಗಂಡನಿಗೂ ಒಂದು ಜೊತೆ ತೋರಿಸಲು ಅಂಗಡಿಯವನು ಎದ್ದಾಗ, "ಅವರದು ಊರಾಗ ಮಾಡಸ್ತೀವಿ," ಎಂದಳು.

ಸಂಜೆ ರಂಕಾಳ ಕೆರೆ. ಹಿಂದೆ ಕಲ್ಲುಗಣಿಯಾಗಿದ್ದು ಆಮೇಲೆ ನೀರು ತುಂಬಿ ಕೆರೆಯಾಯಿತೆಂದು ಪ್ರತೀತಿ. ಆಚೆಯ ದಂಡೆಯ ಮೇಲೆ ಶಾಲಿನಿ ಅರಮನೆಯ ಗೋಪುರ, ಈಚೆಯ ದಂಡೆಯ ಮೇಲೆ ಭೇಳದ ಗಾಡಿಗಳು. ಭೇಳವು ಬೆಳಗಾವಿ ಸೀಮೆಯ ಚುರಮುರಿಗೆ ಚಿಕ್ಕವ್ವನ ಮಗಳು. ಹುಣಿಸೆಯ ನೀರು ತುಸು ಹೆಚ್ಚು, ಮಾತು ತುಸು ಹೆಚ್ಚು. ದಂಡೆಯ ಕಲ್ಲಿನ ಮೇಲೆ ಕುಳಿತು ಇಬ್ಬರೂ ಒಂದೇ ಕಾಗದದ ಪೊಟ್ಟಣದಿಂದ ತಿಂದರು. ಊರಿನಲ್ಲಿ ಹೀಗೆ ಕುಳಿತರೆ ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ಇಲ್ಲಿ ಅವರನ್ನು ಬಲ್ಲವರಿಲ್ಲ. ಪರಸ್ಥಳದ ದೊಡ್ಡ ಸುಖ ಬಹುಶಃ ಇದೇ. ಕತ್ತಲಾಗಿ ದೀಪಗಳು ನೀರಿನಲ್ಲಿ ಬಿದ್ದರೂ ಬಸ್ಸಿನ ವೇಳೆಯನ್ನು ಯಾರೂ ಕೇಳಲಿಲ್ಲ.

ಆತ ಅಂದ: "ಆ ಬಾವಿ ಜಾಗಾದಾಗ ತೋಡಸಬಾರದಿತ್ತು. ನೀ ಬ್ಯಾಡ ಅಂದಿದ್ದಿ."

"ಅಂದಿದ್ದೆ," ಎಂದಳು ಅವಳು. ಮತ್ತೆ ಭೇಳದ ಪೊಟ್ಟಣವನ್ನು ಆತನ ಕಡೆಗೆ ಸರಿಸಿದಳು.

ಮೂರನೆಯ ದಿನದ್ದು ಹೆಚ್ಚಿಗೆ ಹೇಳತಕ್ಕದ್ದಿಲ್ಲ. ಹೊಸ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಆತ ಕತ್ತಿಗಳನ್ನೂ ಹುಲಿಗಳನ್ನೂ ನೋಡಿದ. ಅವಳು ತೊಟ್ಟಿಲುಗಳನ್ನು ನೋಡಿದಳು. ಶಾಹೂಪುರಿಯ ಪೇಟೆಯಲ್ಲಿ ಅತ್ತೆಗೆಂದು ಬೆಲ್ಲದ ಒಂದು ಅಚ್ಚು ಕೊಂಡರು. ಕೊಲ್ಲಾಪುರದ ಬೆಲ್ಲಕ್ಕೂ 2014ರಿಂದ ಭೌಗೋಳಿಕ ಸೂಚಿಕೆಯ ಗೌರವವಿದೆ. ಕಬ್ಬಿನ ನಾಡಿಗೆ ಬೆಲ್ಲ ಕೊಂಡೊಯ್ದದ್ದಕ್ಕೆ ಅತ್ತೆ ಏನೆಂದಾಳು ಎಂಬುದು ಹಾದಿಯುದ್ದಕ್ಕೂ ಅವರ ನಗೆಗೆ ವಿಷಯವಾಯಿತು. ಅತ್ತೆ ಅಂದದ್ದು ಇಷ್ಟು: "ನಮ್ಮ ಗಾಣದ್ದಕ್ಕಿಂತ ಬೆಳ್ಳಗೈತಿ. ಏನ ಹಾಕ್ಯಾರೋ!"

ಹೊಸ ಚಪ್ಪಲಿ ಮೊದಲೆರಡು ದಿನ ಕಚ್ಚುತ್ತದೆ. ಅಂಚುಗಳಿಗೆ ಕೊಬ್ಬರಿಯೆಣ್ಣೆ ಹಚ್ಚಿ ಒಂದು ರಾತ್ರಿ ಇಡಬೇಕು; ನೀರು ತಾಗಿಸಬಾರದು. ಮೂರನೆಯ ದಿನ ಅದು ಕಾಲಿನ ಆಕಾರಕ್ಕೆ ಬಂದು ಕರಕರನೆ ಸದ್ದು ಮಾಡತೊಡಗುತ್ತದೆ. ಸದ್ದು ಆರಂಭವಾದ ದಿನವೇ ಅವಳು ಹಳೆಯ ಪತ್ರಿಕೆಯೊಂದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಗಂಡನನ್ನು ನಿಲ್ಲಿಸಿ, ಪೆನ್ಸಿಲಿನಿಂದ ಅವನ ಎರಡೂ ಪಾದಗಳ ಸುತ್ತ ಗೆರೆ ಎಳೆದಳು. ಎಡಗಾಲಿನದು ಬಲಗಾಲಿಗಿಂತ ತುಸು ದೊಡ್ಡದಾಗಿತ್ತು. ಅದನ್ನು ಮೂಲೆಯಲ್ಲಿ ಬರೆದಿಟ್ಟು, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಬರುವ ಆದಿತ್ಯವಾರ ಮದಭಾವಿಗೆ ಒಯ್ಯುವ ಚೀಲದಲ್ಲಿ ಇಟ್ಟಳು.